ಟ್ಯಾಂಕ್: ಒಂದು ಪದದ ಅಚ್ಚುಕಟ್ಟು

ತುಮಕೂರು ತಾಲ್ಲೂಕಿನ ಊರ್ಡಿಗೆರೆಯಲ್ಲಿ ಬಸ್ಸಿಳಿದು ‘ಟ್ಯಾಂಕ್ ಎಲ್ಲಿದೆ?’ ಎಂದು ಕೇಳಿದರೆ ‘ಯಾವ ಟ್ಯಾಂಕು?’ ಎಂಬ ಮರುಪ್ರಶ್ನೆ ಬಂದೇ ಬರುತ್ತದೆ. ಊರಿಗೆಲ್ಲ ನೀರು ಬಿಡುವ ಓವರ್‌ಹೆಡ್ ಟ್ಯಾಂಕು ಒಂದು. ತಾರಸಿ ಮೇಲೆ ಕೂತ ಕಪ್ಪು ಸಿಂಟೆಕ್ಸ್ ಟ್ಯಾಂಕು ಇನ್ನೊಂದು. ಬೈಕಿನ ಪೆಟ್ರೋಲ್ ಟ್ಯಾಂಕು, ಹಿತ್ತಲಿನ ಕಕ್ಕಸಿನ ಟ್ಯಾಂಕು, ಟ್ರ್ಯಾಕ್ಟರ್ ಹಿಂದೆ ಎಳೆದು ತರುವ ನೀರಿನ ಟ್ಯಾಂಕು ಬೇರೆ ಬೇರೆ. ಆದರೆ ಮೈಸೂರು ಸಂಸ್ಥಾನದ ಕಾಲದ ಇಂಗ್ಲಿಷ್ ಕಡತವೊಂದನ್ನು ಹಿಡಿದು ಬಂದವನಿಗೆ ಬೇಕಾದದ್ದು ಇವಾವುದೂ ಅಲ್ಲ. ಅವನು ಕೇಳುತ್ತಿರುವುದು ಕೆರೆಯನ್ನು. ಆ ಕಡತಗಳಲ್ಲಿ ಟ್ಯಾಂಕ್ ಎಂದರೆ ಕೆರೆಯೇ.

ಊರಿನ ಹೆಸರಿನ ಕೊನೆಗೇ ಆ ಕೆರೆ ಅಂಟಿಕೊಂಡಿದೆ. ಮಳೆ ಮತ್ತು ಕಾಲ ಸೇರಿ ಮಳೆಗಾಲ ಆಗುವಂತೆ, ಸಮಾಸದ ಎರಡನೆಯ ಪದದ ಮೊದಲಿಗಿರುವ ಕಕಾರ ಗಕಾರವಾಗುತ್ತದೆ. ವ್ಯಾಕರಣದಲ್ಲಿ ಇದಕ್ಕೆ ಆದೇಶ ಸಂಧಿ ಎನ್ನುತ್ತಾರೆ. ಹೀಗೆ ಕೆರೆ ಗೆರೆಯಾಗಿ ಊರ್ಡಿಗೆರೆ, ಕೊರಟಗೆರೆ, ದಾವಣಗೆರೆ ಎಂಬ ಹೆಸರುಗಳು ನಿಂತಿವೆ. ತುರುವೇಕೆರೆ, ಅರಸೀಕೆರೆ, ತರೀಕೆರೆಗಳಲ್ಲಿ ಕಕಾರ ಹಾಗೇ ಉಳಿದಿದೆ. ಬಿಡಿಯಾಗಿ ನಿಂತ ‘ಗೆರೆ’ ಎಂದರೆ ಗೀಟು. ಬಿಡಿಯಾಗಿ ನಿಂತ ‘ಕೆರೆ’ಗೂ ಮೈ ತುರಿಸು ಎಂಬ ಇನ್ನೊಂದು ಅರ್ಥವಿದೆ, ಕೆರೆತ ಬಂದದ್ದು ಅದರಿಂದ. ಹಳೆಯ ಮೈಸೂರಿನ ಮಾತಿನಲ್ಲಿ ‘ಕೆರೆ ಕಡೆ ಹೋಗಿದ್ದಾರೆ’ ಎಂದರೆ ಬಹಿರ್ದೆಸೆಗೆ ಹೋಗಿದ್ದಾರೆ ಎಂದು. ಒಂದೇ ಪದಕ್ಕೆ ಹಲವು ಅರ್ಥ, ಒಂದೇ ಅರ್ಥಕ್ಕೆ ಹಲವು ಪದ ಎಂಬುದು ಎಲ್ಲ ಭಾಷೆಗಳ ಗುಣ. ಟ್ಯಾಂಕ್ ಎಂಬ ಇಂಗ್ಲಿಷ್ ಪದದ ವಿಶೇಷವೆಂದರೆ, ಅದರ ಮೊದಲ ಅರ್ಥ ಹುಟ್ಟಿದ್ದು ಇಂಡಿಯಾದ ನೀರಿನ ದಡದಲ್ಲಿ.

ಹದಿನೇಳನೆಯ ಶತಮಾನದ ಮೊದಲ ದಶಕಗಳಲ್ಲಿ ಸೂರತ್, ಗುಜರಾತ್ ಕಡೆ ಬಂದ ಇಂಗ್ಲಿಷರ ಬರಹಗಳಲ್ಲಿ ಈ ಪದ ಕಾಣಿಸಿಕೊಳ್ಳುತ್ತದೆ. ಆಗ ಅದರ ಅರ್ಥ ಡಬ್ಬಿಯಲ್ಲ, ಪೆಟ್ಟಿಗೆಯಲ್ಲ. ಕುಡಿಯಲು, ಬೇಸಾಯಕ್ಕೆ ನೀರು ನಿಲ್ಲಿಸಿದ ಕೊಳ ಅಥವಾ ಕೆರೆ. ಗುಜರಾತಿ, ಮರಾಠಿಗಳಲ್ಲಿ ನೆಲದೊಳಗೆ ನೀರು ಕೂಡಿಡುವ ಕಟ್ಟಡಕ್ಕೆ ಟಾಂಕು, ಟಾಕೆ ಎಂಬ ಪದಗಳಿವೆ. ರಾಜಸ್ಥಾನದಲ್ಲಿ ಮಳೆನೀರು ಹಿಡಿಯುವ ನೆಲದೊಳಗಿನ ತೊಟ್ಟಿಯನ್ನು ಇಂದಿಗೂ ಟಾಂಕಾ ಎನ್ನುತ್ತಾರೆ. ಇತ್ತ ಇಂಗ್ಲಿಷರಿಗಿಂತ ನೂರು ವರ್ಷ ಮೊದಲೇ ಬಂದಿದ್ದ ಪೋರ್ಚುಗೀಸರ ಬಾಯಲ್ಲಿ ‘ತಾಂಕೆ’ ಎಂಬ ಪದವಿತ್ತು. ಹರಿಯುವುದನ್ನು ತಡೆ, ನಿಲ್ಲಿಸು ಎಂಬ ಅರ್ಥದ ಅವರ ಕ್ರಿಯಾಪದಕ್ಕೆ ಅದು ಸಂಬಂಧಿಸಿದ್ದು. ಇಂಗ್ಲಿಷ್ ಪದ ಗುಜರಾತಿಯಿಂದ ಬಂತೋ ಪೋರ್ಚುಗೀಸಿನಿಂದ ಬಂತೋ ಎಂಬ ಚರ್ಚೆ ನಿಘಂಟುಕಾರರಲ್ಲಿ ಹಳೆಯದು. 1886ರಲ್ಲಿ ಯೂಲ್ ಮತ್ತು ಬರ್ನೆಲ್ ಪ್ರಕಟಿಸಿದ ‘ಹಾಬ್ಸನ್-ಜಾಬ್ಸನ್’ ಎಂಬ ಆಂಗ್ಲೋ-ಇಂಡಿಯನ್ ಪದಕೋಶದಲ್ಲೂ ಆ ಚರ್ಚೆಗೆ ಜಾಗವಿದೆ. ಎರಡು ಕಡೆಯ ಪದಗಳು ಪಶ್ಚಿಮ ಕರಾವಳಿಯ ಬಂದರುಗಳಲ್ಲಿ ಕೂಡಿಕೊಂಡು ಒಂದಾದವು ಎಂಬ ವಿವರಣೆಯೇ ಹೆಚ್ಚು ಹೊಂದುತ್ತದೆ.

ಕನ್ನಡದ ಕೆರೆಯ ಹುಟ್ಟನ್ನು ನೋಡಿದರೆ ಇನ್ನೊಂದು ಅಚ್ಚರಿ. ಹಳಗನ್ನಡದಲ್ಲಿ ಇದನ್ನು ‘ಕೆಱೆ’ ಎಂದು ಶಕಟರೇಫ ಹಾಕಿ ಬರೆಯುತ್ತಿದ್ದರು. ಕನ್ನಡದ ಕಕಾರ ಇರುವಲ್ಲಿ ತಮಿಳು, ಮಲಯಾಳ, ತೆಲುಗುಗಳಲ್ಲಿ ಹಲವೊಮ್ಮೆ ಚಕಾರ ಬರುತ್ತದೆ: ಕನ್ನಡದ ಕಿವಿ ತಮಿಳಿನಲ್ಲಿ ಚೆವಿ. ಅದೇ ದಾರಿಯಲ್ಲಿ ಕೆಱೆಗೆ ಮಲಯಾಳದ ಚಿಱ, ತೆಲುಗಿನ ಚೆರುವು, ತಮಿಳಿನ ಚಿಱೈ ಎಂಬ ಪದಗಳು ನಂಟಾಗುತ್ತವೆ. ಬರೋ ಮತ್ತು ಎಮೆನೋ ಅವರ ದ್ರಾವಿಡ ನಿಷ್ಪತ್ತಿ ಕೋಶ ಇವನ್ನು ಒಂದೇ ಬಳಗದಲ್ಲಿ ಇಡುತ್ತದೆ. ತಮಿಳಿನ ಚಿಱೈಗೆ ಅಣೆ, ತಡೆ ಎಂಬ ಅರ್ಥಗಳ ಜೊತೆಗೆ ಸೆರೆಮನೆ ಎಂಬ ಅರ್ಥವೂ ಇದೆ. ಅಂದರೆ ಕೆರೆ ಎಂದರೆ ತಡೆದು ಹಿಡಿದದ್ದು, ನೀರಿನ ಸೆರೆ. ಲಿಸ್ಬನ್ನಿನ ಮಾತಿನಲ್ಲಿ ನೀರನ್ನು ನಿಲ್ಲಿಸಿದ ಜಾಗಕ್ಕೆ ತಾಂಕೆ ಎಂದ ಹಾಗೆಯೇ ಕನ್ನಡನಾಡಿನವರು ತಡೆದು ನಿಲ್ಲಿಸಿದ ನೀರಿಗೆ ಕೆರೆ ಎಂದರು. ಒಂದಕ್ಕೊಂದು ಸಂಬಂಧವಿಲ್ಲದ ಎರಡು ಭಾಷಾಕುಲಗಳು ಒಂದೇ ಕೆಲಸವನ್ನು ಕಂಡು ಒಂದೇ ಬಗೆಯಲ್ಲಿ ಹೆಸರಿಟ್ಟಿವೆ. ಮನುಷ್ಯ ಕಟ್ಟಿದ್ದು ಎಂಬ ಭಾವ ಎರಡು ಪದಗಳ ಬುಡದಲ್ಲೂ ಇದೆ.

ಈ ಕಾರಣಕ್ಕೇ ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ಎಂಜಿನಿಯರುಗಳು ಕೆರೆಯನ್ನು ಟ್ಯಾಂಕ್ ಎಂದದ್ದು ತಪ್ಪಾಗಿರಲಿಲ್ಲ. ಮೈಸೂರಿನ ಮುಖ್ಯ ಎಂಜಿನಿಯರ್ ಆಗಿದ್ದ ಸ್ಯಾಂಕಿ 1866ರಲ್ಲಿ ಬರೆದ ಮಾತೊಂದನ್ನು ನೀರಾವರಿ ಇತಿಹಾಸಕಾರರು ಮತ್ತೆ ಮತ್ತೆ ನೆನೆಯುತ್ತಾರೆ. ಈ ಸೀಮೆಯಲ್ಲಿ ಕೆರೆ ಕಟ್ಟುವ ಪದ್ಧತಿ ಎಷ್ಟು ಪೂರ್ಣವಾಗಿ ನಡೆದಿದೆಯೆಂದರೆ, ಇನ್ನೊಂದು ಹೊಸ ಕೆರೆಗೆ ಜಾಗ ಹುಡುಕಲು ಜಾಣತನವೇ ಬೇಕಾದೀತು ಎಂಬುದು ಅದರ ಸಾರ. ಬೆಂಗಳೂರಿನಲ್ಲಿ 1882ರಲ್ಲಿ ಕಟ್ಟಿದ ಕೆರೆಗೆ ಅವನ ಹೆಸರೇ ನಿಂತು ಅದು ಸ್ಯಾಂಕಿ ಟ್ಯಾಂಕ್ ಆಯಿತು. ಹತ್ತಿರದ ಗಂಧದ ಕೋಠಿಯಿಂದಾಗಿ ಜನ ಅದನ್ನು ಗಂಧದಕೋಟಿ ಕೆರೆ ಎಂದೂ ಕರೆದರು. ಟ್ಯಾಂಕ್ ಬಂಡ್ ರಸ್ತೆ ಎಂಬುದು ಬೆಂಗಳೂರಿನ ಮೆಜೆಸ್ಟಿಕ್ ಬಳಿ ಈಗಲೂ ಉಳಿದಿರುವ ಹೆಸರು. ಏರಿ ಇದ್ದ ಧರ್ಮಾಂಬುಧಿ ಕೆರೆ ಮಾತ್ರ ಬಸ್ ನಿಲ್ದಾಣವಾಗಿದೆ. ಕೆರೆಗಳ ಉಸ್ತುವಾರಿಯನ್ನು ಊರಿನವರಿಗೆ ವಹಿಸಲು ಸಂಸ್ಥಾನ 1911ರಲ್ಲಿ ತಂದ ಕಾಯಿದೆಯ ಹೆಸರಿನಲ್ಲೂ ಟ್ಯಾಂಕ್ ಪಂಚಾಯಿತಿ ಎಂದೇ ಇತ್ತು.

ಇಷ್ಟಾದರೂ ಆ ಒಂದು ಪದದಿಂದ ಒಂದು ನಷ್ಟವೂ ಆಯಿತು. ಕನ್ನಡದವರು ಹತ್ತಾರು ಹೆಸರಿಟ್ಟು ಬೇರೆ ಬೇರೆಯಾಗಿ ಕಂಡಿದ್ದನ್ನೆಲ್ಲ ಇಂಗ್ಲಿಷ್ ಕಡತ ಒಂದೇ ಚೀಲಕ್ಕೆ ತುಂಬಿತು. ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯಲ್ಲಿ ಆ ಹೆಸರುಗಳನ್ನು ಬಿಡಿಸಿ ನೋಡುವುದೇ ಈ ಪದದ ನಿಜವಾದ ಪರ್ಯಾಯಕೋಶ.

ದೊಡ್ಡದರಿಂದ ತೊಡಗಬೇಕೆಂದರೆ, ದೊಡ್ಡ ಏರಿ, ತೂಬು, ಕೋಡಿ, ಅಚ್ಚುಕಟ್ಟು ಎಲ್ಲ ಇರುವುದು ಕೆರೆ. ಅದಕ್ಕಿಂತ ಕಿರಿದು ಕಟ್ಟೆ, ಹಳ್ಳಕ್ಕೆ ಅಡ್ಡ ಮಣ್ಣು ಕಟ್ಟಿ ನೀರು ನಿಲ್ಲಿಸಿದ್ದು. ಇನ್ನೂ ಕಿರಿದು ಕುಂಟೆ, ತಗ್ಗಿನಲ್ಲಿ ಮಳೆನೀರು ನಿಲ್ಲುವ ಹೊಂಡ. ದನಕರು ನೀರು ಕುಡಿಯಲೆಂದೇ ಮಾಡಿದ್ದು ಗೋಕಟ್ಟೆ. ಕಲ್ಲಿನ ಮೆಟ್ಟಿಲು ಕಟ್ಟಿದ್ದು ಕಲ್ಯಾಣಿ, ದೇವಸ್ಥಾನದ ಮುಂದಿದ್ದರೆ ಪುಷ್ಕರಣಿ. ಊರ ನಡುವಿನ ಸಣ್ಣದು ಕೊಳ. ಹೊಳೆಯ ಆಳದ ಗುಂಡಿ ಮಡು. ಬೆಟ್ಟದ ಬಂಡೆಯ ಪೊಟರೆಯಲ್ಲಿ ತಾನಾಗಿ ನಿಂತ ನೀರು ದೊಣೆ. ಕಲ್ಲುಬೆಟ್ಟಗಳ ಈ ಜಿಲ್ಲೆಯಲ್ಲಿ ದೊಣೆ ಎಂಬ ಪದ ದಿನಬಳಕೆಯದು, ದನ ಕಾಯುವವರಿಗೂ ಬೆಟ್ಟ ಹತ್ತುವ ಭಕ್ತರಿಗೂ ಗೊತ್ತಿರುವಂಥದು. ಕೆರೆಯನ್ನು ಮನುಷ್ಯ ಕಟ್ಟಬೇಕು, ದೊಣೆಯನ್ನು ಬೆಟ್ಟವೇ ಕೊಡುತ್ತದೆ. ಒಂದೇ ಪದ ಬಳಸಿದರೆ ಈ ವ್ಯತ್ಯಾಸ ಕಳೆದುಹೋಗುತ್ತದೆ. ದೇವರಾಯನದುರ್ಗದ ಕೆಳಗೆ ನಾಮದ ಚಿಲುಮೆ ಇದೆ. ಚಿಲುಮೆ ಎಂದರೆ ನೆಲದಿಂದ ಚಿಮ್ಮುವ ಒರತೆ, ಹೊಗೆ ಸೇದುವ ಮಣ್ಣಿನ ಕೊಳವೆಯೂ ಚಿಲುಮೆಯೇ.

ಈ ಪಟ್ಟಿಯಲ್ಲಿ ಅರ್ಥಗಳ ಹರವು ಹೆಚ್ಚಾಗಿರುವುದು ಕಟ್ಟೆಗೆ. ಕಟ್ಟು ಎಂಬ ಕ್ರಿಯಾಪದದಿಂದ ಬಂದ ಇದು ನೀರು ನಿಲ್ಲಿಸುವ ಏರಿಯೂ ಹೌದು, ಏರಿಯ ಹಿಂದಿನ ನೀರೂ ಹೌದು. ಅರಳಿಮರದ ಸುತ್ತ ಕಟ್ಟಿದ ಜಗಲಿ ಅರಳೀಕಟ್ಟೆ, ಅಂಗಳದ ನಡುವೆ ತುಳಸೀಕಟ್ಟೆ. ಊರವರು ಕೂತು ಮಾತಾಡುವ ಜಾಗ ಹರಟೆಕಟ್ಟೆ. ಹಿಂದೆ ದಾರಿಯಲ್ಲಿ ತೆರಿಗೆ ವಸೂಲು ಮಾಡುತ್ತಿದ್ದ ಠಾಣೆ ಸುಂಕದಕಟ್ಟೆ, ಬೆಂಗಳೂರಿನ ಬಡಾವಣೆಯೊಂದು ಆ ಹೆಸರನ್ನು ಹೊತ್ತಿದೆ. ಓಟು ಹಾಕುವ ಜಾಗಕ್ಕೆ ಕನ್ನಡ ಕೊಟ್ಟ ಹೆಸರು ಮತಗಟ್ಟೆ. ಊರ್ಡಿಗೆರೆಯಲ್ಲಿ ಕೆರೆಯನ್ನು ಗೆರೆ ಮಾಡಿದ ಸಂಧಿಯೇ ಇಲ್ಲಿ ಕಟ್ಟೆಯನ್ನು ಗಟ್ಟೆ ಮಾಡಿದೆ. ಇಂಗ್ಲಿಷಿನ ಪೋಲಿಂಗ್ ಬೂತ್ ಎಂಬುದರಲ್ಲಿ ಒಂದು ಡೇರೆಯ ಚಿತ್ರವಿದ್ದರೆ, ಕನ್ನಡದ ಮತಗಟ್ಟೆಯಲ್ಲಿ ಊರ ಜನ ಸೇರುವ ಜಗಲಿಯ ಚಿತ್ರವಿದೆ. ಅನುವಾದಕ್ಕೆ ಇದಕ್ಕಿಂತ ಒಳ್ಳೆಯ ಮಾದರಿ ಸಿಗುವುದು ಕಷ್ಟ. ತಾಳ್ಮೆ ಮೀರಿದಾಗ ಒಡೆಯುವುದೂ ಕಟ್ಟೆಯೇ: ಸಹನೆಯ ಕಟ್ಟೆ, ಸಿಟ್ಟಿನ ಕಟ್ಟೆ, ದುಃಖದ ಕಟ್ಟೆ.

ಕೆರೆಯನ್ನು ಹೊಗಳಿ ಹೇಳಬೇಕಾದಾಗ ಅರಸರೂ ದಾನಿಗಳೂ ಅದನ್ನು ಸಮುದ್ರ ಎಂದರು. ಹೊಯ್ಸಳರ ರಾಜಧಾನಿ ದೋರಸಮುದ್ರ ಒಂದು ಕೆರೆಯ ಬದಿಯ ಊರು. ಬಾಯಿಂದ ಬಾಯಿಗೆ ಹೋಗುತ್ತ ಸಮುದ್ರ ಸವೆದು ‘ಸಂದ್ರ’ ಆಯಿತು. ತಟ್ಟೆ ಇಡ್ಲಿಗೆ ಹೆಸರಾದ ಕ್ಯಾತ್ಸಂದ್ರ, ತುರುವೇಕೆರೆ ತಾಲ್ಲೂಕಿನ ಬಾಣಸಂದ್ರ, ಬೆಂಗಳೂರಿನ ಬೊಮ್ಮಸಂದ್ರ, ಸಿಂಗಸಂದ್ರ, ಜಕ್ಕಸಂದ್ರಗಳೆಲ್ಲ ಹೀಗೆ ನೆಲದ ನಡುವಿನ ಸಮುದ್ರಗಳು. ಕಡಲಿಗೆ ನೂರಾರು ಮೈಲಿ ದೂರದ ಒಣಸೀಮೆಯಲ್ಲಿ ಇಷ್ಟು ಸಮುದ್ರಗಳಿವೆ ಎಂಬುದರಲ್ಲೇ ನೀರಿನ ಬೆಲೆ ತಿಳಿಯುತ್ತದೆ. ಇಪ್ಪತ್ತನೆಯ ಶತಮಾನದ ಅಣೆಕಟ್ಟುಗಳೂ ಈ ದಾರಿಯನ್ನೇ ಹಿಡಿದವು: ಮಾರಿಕಣಿವೆ ವಾಣಿವಿಲಾಸ ಸಾಗರ ಆಯಿತು, ಕನ್ನಂಬಾಡಿ ಕೃಷ್ಣರಾಜಸಾಗರ ಆಯಿತು. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ ಶಾಂತಿಸಾಗರ ಎಂಬ ಹೊಸ ಹೆಸರನ್ನು ಪಡೆಯಿತು, ಹಳೆಯ ಹೆಸರೂ ಜನರ ಬಾಯಲ್ಲಿ ಉಳಿಯಿತು.

ತುಮಕೂರು ನಗರದ ಅಮಾನಿಕೆರೆಯ ಹೆಸರಲ್ಲಿರುವುದು ಕಂದಾಯ ಇಲಾಖೆಯ ಪದ. ಅಮಾನಿ ಎಂದರೆ ಗುತ್ತಿಗೆಗೆ ಕೊಡದೆ ಸರ್ಕಾರವೇ ನೇರವಾಗಿ ನಡೆಸುವ ಆಸ್ತಿ. ಬೆಂಗಳೂರಿನ ಬೆಳ್ಳಂದೂರು ಕೆರೆಯೂ ದಾಖಲೆಗಳಲ್ಲಿ ಅಮಾನಿಕೆರೆ. ಗುಬ್ಬಿ ತಾಲ್ಲೂಕಿನ ಕಡಬದ ದೊಡ್ಡ ಕೆರೆ ಶಿಂಷಾ ಹೊಳೆಯ ನೀರಿನದು. ಅದನ್ನು ಶ್ರೀರಾಮನೇ ಕಟ್ಟಿಸಿದನೆಂಬ ಐತಿಹ್ಯವಿದೆ. ಕುಣಿಗಲ್ಲಿನ ದೊಡ್ಡ ಕೆರೆಯನ್ನು ಹಾಡಿದ ಜನಪದ ಗೀತೆ ಕನ್ನಡನಾಡಿನ ಮೂಲೆಮೂಲೆಗೆ ಹೋಗಿದೆ. ಆ ಕೆರೆಯನ್ನು ನೋಡದವರಿಗೂ ಅದರ ಏರಿ ಗೊತ್ತು. ಅದೇ ತಾಲ್ಲೂಕಿನಲ್ಲಿ ಶಿಂಷೆಗೆ ಅಡ್ಡ ಕಟ್ಟಿದ, ತಾನಾಗಿ ನೀರು ಹೊರಹಾಕುವ ಸೈಫನ್‌ಗಳಿಗೆ ಹೆಸರಾದ ಮಾರ್ಕೋನಹಳ್ಳಿಯನ್ನು ಮಾತ್ರ ಯಾರೂ ಕೆರೆ ಎನ್ನುವುದಿಲ್ಲ. ಪತ್ರಿಕೆಗೆ ಅದು ಜಲಾಶಯ, ಜನರಿಗೆ ಡ್ಯಾಮು.

ಕೆರೆಯ ಅಂಗಾಂಗಗಳ ಹೆಸರುಗಳಲ್ಲಿ ಭಾಷೆಯ ಕೈಚಳಕ ಇನ್ನೂ ಚೆನ್ನಾಗಿ ಕಾಣುತ್ತದೆ. ನೀರನ್ನು ತಡೆಯುವ ಮಣ್ಣಿನ ದಿಬ್ಬ ಏರಿ. ತಮಿಳಿನಲ್ಲಿ ಏರಿ ಎಂದರೆ ಇಡೀ ಕೆರೆ. ಗಡಿ ದಾಟಿದರೆ ಅಂಗವೇ ದೇಹವಾಗುತ್ತದೆ, ಹೊಸೂರು ಕಡೆಯ ಕನ್ನಡಿಗರು ದಿನವೂ ಈ ಎರಡು ಅರ್ಥಗಳ ನಡುವೆ ಓಡಾಡುತ್ತಾರೆ. ಗದ್ದೆಗೆ ನೀರು ಬಿಡುವ ಕಿಂಡಿ ತೂಬು. ಹೆಚ್ಚಾದ ನೀರು ಹೊರಬೀಳುವ ದಾರಿ ಕೋಡಿ. ‘ಕೆರೆ ಕೋಡಿ ಬಿತ್ತು’ ಎಂಬುದು ಬರಸೀಮೆಯ ಬಹು ದೊಡ್ಡ ಸಂತೋಷದ ಸುದ್ದಿ. ಆ ದಿನ ಗಂಗೆಪೂಜೆ ಮಾಡಿ ಬಾಗಿನ ಬಿಡುತ್ತಾರೆ. ಅದೇ ಕೋಡಿ ಕಣ್ಣೀರಿಗೂ ನೆತ್ತರಿಗೂ ಬಳಕೆಯಾಗುತ್ತದೆ: ಕಣ್ಣೀರಿನ ಕೋಡಿ, ನೆತ್ತರಿನ ಕೋಡಿ. ಕರಾವಳಿಗೆ ಹೋದರೆ ಕೋಡಿ ಎಂದರೆ ಹೊಳೆ ಕಡಲು ಸೇರುವಲ್ಲಿನ ಮರಳಿನ ಚಾಚು.

ನೀರು ನಿಲ್ಲುವ ಜಾಗ ಇಂಗ್ಲಿಷಿನಲ್ಲಿ ಹಾಸಿಗೆ, ಕನ್ನಡದಲ್ಲಿ ಅಂಗಳ. ಕೆರೆಯಂಗಳ ಎಂದೊಡನೆ ಅದು ಮನೆಯ ಭಾಗವೇ ಆಗಿಬಿಡುತ್ತದೆ. ತೂಬಿನ ನೀರು ತಲುಪುವ ಜಮೀನೆಲ್ಲ ಅಚ್ಚುಕಟ್ಟು. ಓರಣವಾದದ್ದನ್ನೂ ಕನ್ನಡ ಅಚ್ಚುಕಟ್ಟು ಎನ್ನುತ್ತದೆ. ಸರತಿಯಂತೆ ನೀರು ಪಡೆದ, ಸಮನಾಗಿ ಪಾತಿ ಕಟ್ಟಿದ ಗದ್ದೆಬಯಲನ್ನು ಏರಿಯ ಮೇಲೆ ನಿಂತು ನೋಡಿದವರಿಗೆ ಆ ಎರಡು ಅರ್ಥಗಳು ಬೇರೆ ಎನಿಸುವುದೇ ಇಲ್ಲ. ಯಾರ ಗದ್ದೆಗೆ ಯಾವ ಹೊತ್ತು ಎಷ್ಟು ನೀರು ಎಂದು ನೋಡಿಕೊಳ್ಳುತ್ತಿದ್ದವನು ನೀರಗಂಟಿ. ಊರು ಅವನಿಗೆ ಕಾಳಿನ ರೂಪದಲ್ಲಿ ಪಾಲು ಕೊಡುತ್ತಿತ್ತು. ಈಗ ಊರಿನ ಟ್ಯಾಂಕಿನ ವಾಲ್ವ್ ತಿರುಗಿಸುವ ಪಂಚಾಯಿತಿ ನೌಕರನಿಗೆ ಕೊಟ್ಟ ಹೆಸರು ವಾಟರ್‌ಮನ್. ನೀರಗಂಟಿ ಎಂದು ಕರೆಯುವವರೂ ಇದ್ದಾರೆ, ಕರೆಯುವುದು ಸರಿಯೂ ಹೌದು. ಕೆಲಸ ಒಂದೇ, ನೀರನ್ನು ಹಂಚುವುದು.

ಈ ಪದಗಳ ವಯಸ್ಸು ತಿಳಿಯಲು ಶಾಸನಗಳತ್ತ ಹೋಗಬೇಕು. ಕದಂಬ ಮಯೂರಶರ್ಮನ ಹೆಸರಿರುವ ಚಂದ್ರವಳ್ಳಿಯ ಪ್ರಾಕೃತ ಶಾಸನ ಕೆರೆಯೊಂದನ್ನು ಕಟ್ಟಿಸಿದ ದಾಖಲೆ. ತಾಳಗುಂದದ ಸ್ತಂಭ ಶಾಸನದಲ್ಲೂ ಕಾಕುಸ್ಥವರ್ಮ ಕಟ್ಟಿಸಿದ ಕೆರೆಯ ಮಾತಿದೆ. ಮೊದಲನೆಯದರಲ್ಲಿ ಬಳಕೆಯಾಗಿರುವ ಪದ ತಟಾಕ, ಎರಡನೆಯದರಲ್ಲಿ ಅದರದೇ ರೂಪವಾದ ತಡಾಕ. ಮುಂದೆ ಕನ್ನಡ ಶಾಸನಗಳಲ್ಲಿ ಕೆರೆ ತುಂಬಿಕೊಂಡಿತು, ಅದರ ಸುತ್ತ ಒಂದು ಆಡಳಿತದ ಪದಕೋಶವೇ ಬೆಳೆಯಿತು. ಕೆರೆ ಕಟ್ಟಿದವನಿಗೆ ಬಿಟ್ಟ ಭೂಮಿ ಕಟ್ಟುಕೊಡಗೆ, ಕೆರೆಯ ಸಲುವಾಗಿ ಬಿಟ್ಟದ್ದು ಕೆರೆಗೊಡಗೆ. ಹತ್ತನೆಯ ಒಂದು ಪಾಲಿನ ಲೆಕ್ಕದಲ್ಲಿ ಬಿಟ್ಟದ್ದು ದಶವಂದ. ಬಿತ್ತುವಟ್ಟ ಎಂಬುದು ಇಂಥದೇ ಇನ್ನೊಂದು ಪದ. ಬಿ. ಎಲ್. ರೈಸ್ 1904ರಲ್ಲಿ ಹೊರತಂದ ‘ಎಪಿಗ್ರಾಫಿಯಾ ಕರ್ನಾಟಿಕ’ದ ಹನ್ನೆರಡನೆಯ ಸಂಪುಟ ಪೂರ್ತಿಯಾಗಿ ತುಮಕೂರು ಜಿಲ್ಲೆಯದು. ಈ ಸೀಮೆಯ ಕಲ್ಲುಗಳು ಆಡುವ ಮಾತನ್ನು ಕೇಳಬೇಕೆನ್ನುವವರು ತೆರೆಯಬೇಕಾದ ಮೊದಲ ಪುಸ್ತಕ ಅದು.

ವಿಜಯನಗರದ ಕಾಲದಲ್ಲಿ ಲಕ್ಷ್ಮೀಧರಾಮಾತ್ಯ ಎಂಬ ಮಂತ್ರಿಯ ಶಾಸನದಲ್ಲಿ ಅವನ ತಾಯಿ ಹಾಲೂಡಿಸುತ್ತಲೇ ಮಗನ ಕಿವಿಯಲ್ಲಿ ಉಸುರಿದ ಬುದ್ಧಿಮಾತಿದೆ. ಕೆರೆ ಕಟ್ಟಿಸುವುದು ಆ ಪಟ್ಟಿಯ ಮೊದಲಲ್ಲೇ ಬರುತ್ತದೆ. ಇಂದಿನ ಆಂಧ್ರದ ಪೋರುಮಾಮಿಳ್ಳದಲ್ಲಿರುವ 1369ರ ಶಾಸನ ಇನ್ನೂ ಮುಂದೆ ಹೋಗಿ ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಕೆರೆಗೆ ತಟ್ಟುವ ಆರು ದೋಷಗಳನ್ನೂ ಪಟ್ಟಿ ಮಾಡುತ್ತದೆ. ದಿನಕ್ಕೆ ಸಾವಿರ ಆಳು, ನೂರು ಗಾಡಿ ದುಡಿದು ಎರಡು ವರ್ಷದಲ್ಲಿ ಕೆಲಸ ಮುಗಿಯಿತೆಂಬ ಲೆಕ್ಕವೂ ಅಲ್ಲಿದೆ. ಕೆರೆಯನ್ನು ಬರಿಯ ನೀರೆಂದು ನೋಡದೆ ಒಂದು ವ್ಯವಸ್ಥೆಯೆಂದು ನೋಡಿದ ಜನ ಬರೆಸಿದ ಕಲ್ಲು ಅದು. ಅದೇ ವ್ಯವಸ್ಥೆ ಬಲಿ ಬೇಡಿದ ಕಥೆಯನ್ನು ‘ಕೆರೆಗೆ ಹಾರ’ ಎಂಬ ಜನಪದ ಕಥನಗೀತೆ ಹೇಳುತ್ತದೆ. ಕೆರೆಯ ಪುಣ್ಯದ ಜೊತೆಗೆ ಅದಕ್ಕೆ ಬಲಿಯಾದ ಹೆಣ್ಣಿನ ನೋವನ್ನೂ ಕನ್ನಡ ಮರೆತಿಲ್ಲ.

ಇತ್ತ ಇಂಗ್ಲೆಂಡಿನಲ್ಲಿ ಟ್ಯಾಂಕ್ ಪದ ಬೇರೆ ದಾರಿ ಹಿಡಿಯಿತು. ಅಲ್ಲಿಗೆ ಮರಳಿದ ಪದ ಕೆರೆಯ ಗಾತ್ರದಿಂದ ಇಳಿದು ದ್ರವ ತುಂಬುವ ಯಾವುದೇ ಪಾತ್ರೆಯ ಹೆಸರಾಯಿತು. ಉಗಿಯಂತ್ರ, ರೈಲು, ಹಡಗುಗಳ ಕಾಲದಲ್ಲಿ ಕಬ್ಬಿಣದ ಟ್ಯಾಂಕುಗಳು ಎಲ್ಲೆಡೆ ಬಂದವು. ಕನ್ನಡಕ್ಕೆ ಬಂದದ್ದು ಈ ಎರಡನೆಯ ಟ್ಯಾಂಕು. ಕೆರೆಯಾಗಿ ಹೋದ ಪದ ಡಬ್ಬಿಯಾಗಿ ಹಿಂತಿರುಗಿತು. ಹಾಗಾಗಿ ಕನ್ನಡದ ಮಾತಿನಲ್ಲಿ ಟ್ಯಾಂಕು ಮತ್ತು ಕೆರೆ ಎಂದೂ ಸಮಾನಾರ್ಥಕಗಳಾಗಲಿಲ್ಲ. ಕೆರೆ ನೀರು ನಿಲ್ಲುವ ಜಾಗ, ಟ್ಯಾಂಕು ನೀರು ತುಂಬುವ ಪಾತ್ರೆ.

ಉತ್ತರ ಕರ್ನಾಟಕದಲ್ಲಿ ಇದೇ ವಸ್ತುವಿಗೆ ಟಾಕಿ ಎನ್ನುತ್ತಾರೆ. ಹುಬ್ಬಳ್ಳಿ, ಬೆಳಗಾವಿಗಳ ನೀರಿನ ಟಾಕಿ ಮರಾಠಿಯಿಂದ ನಡೆದು ಬಂದದ್ದು. ತುಮಕೂರಿನ ಟ್ಯಾಂಕು ಇಂಗ್ಲೆಂಡಿಗೆ ಹೋಗಿ ಸುತ್ತಿ ಬಂದದ್ದು. ಎರಡೂ ಒಂದೇ ಮನೆತನದ ಮಕ್ಕಳು, ಕನ್ನಡದ ಎರಡು ತುದಿಗಳಲ್ಲಿ ನೆಲೆಸಿವೆ.

ಹಳ್ಳಿಗಳಲ್ಲಿ ಟ್ಯಾಂಕಿಗೆ ಹಳೆಯ ಒಡನಾಡಿಗಳಿದ್ದಾರೆ. ತೊಟ್ಟಿ ಅವರಲ್ಲಿ ಮುಖ್ಯ: ಬಚ್ಚಲ ತೊಟ್ಟಿ, ದನಗಳ ನೀರಿನ ತೊಟ್ಟಿ, ಕಸದ ತೊಟ್ಟಿ, ಮೀನಿನ ತೊಟ್ಟಿ. ನಡುವೆ ಆಕಾಶಕ್ಕೆ ತೆರೆದುಕೊಂಡ ಅಂಗಳವಿದ್ದರೆ ಅದು ತೊಟ್ಟಿಮನೆ. ನಲ್ಲಿ ಜೋಡಿಸಿದ ಸಣ್ಣ ನೀರಿನ ಟ್ಯಾಂಕನ್ನು ತುಮಕೂರು ಸೀಮೆಯಲ್ಲಿ ತೊಂಬೆ, ಸಿಸ್ಟನ್, ಮಿನಿ ಟ್ಯಾಂಕ್ ಎಂದು ಬಗೆಬಗೆಯಾಗಿ ಕರೆಯುತ್ತಾರೆ. ನೆಲದೊಳಗಿನದು ಸಂಪು. ಸಿಂಟೆಕ್ಸ್ ಒಂದು ಕಂಪನಿಯ ಹೆಸರು, ಈಗ ಪ್ಲಾಸ್ಟಿಕ್ಕಿನ ಟ್ಯಾಂಕು ಯಾವ ಕಂಪನಿಯದಾದರೂ ಸಿಂಟೆಕ್ಸೇ. ಓವರ್‌ಹೆಡ್ ಟ್ಯಾಂಕಿಗೆ ಸರ್ಕಾರಿ ಕನ್ನಡ ‘ಮೇಲ್ಮಟ್ಟದ ಜಲಸಂಗ್ರಹಾಗಾರ’ ಎನ್ನುತ್ತದೆ. ಫಲಕದ ಮೇಲೆ ಬಿಟ್ಟರೆ ಇದನ್ನು ಯಾರೂ ನುಡಿಯುವುದಿಲ್ಲ. ಮತಗಟ್ಟೆಯನ್ನು ಕೊಟ್ಟ ಭಾಷೆಗೆ ಇಷ್ಟು ಉದ್ದದ ಪದ ಬೇಕಿರಲಿಲ್ಲ, ಮೇಲ್ತೊಟ್ಟಿ ಎಂದರೆ ಸಾಕಿತ್ತು.

ಒಂದು ಟ್ಯಾಂಕಿನ ಹೆಸರು ಮಾತ್ರ ಕನ್ನಡದಲ್ಲಿ ಅಪಾಯಕಾರಿಯಾಗಿ ಬದಲಾಗಿದೆ. ಸೆಪ್ಟಿಕ್ ಟ್ಯಾಂಕನ್ನು ಅನೇಕರು ‘ಸೇಫ್ಟಿ ಟ್ಯಾಂಕ್’ ಎನ್ನುತ್ತಾರೆ. ಕಿವಿಗೆ ಪರಿಚಿತವಲ್ಲದ ಪದವನ್ನು ಪರಿಚಿತ ಪದಕ್ಕೆ ಹೊಂದಿಸಿಕೊಳ್ಳುವುದು ಜನಭಾಷೆಯ ಸಹಜ ನಡೆ. ಆದರೆ ಸೆಪ್ಟಿಕ್ ಎಂದರೆ ಕೊಳೆಯುವುದು. ಕೊಳೆತಾಗ ಹುಟ್ಟುವ ಹೈಡ್ರೋಜನ್ ಸಲ್ಫೈಡ್, ಮೀಥೇನ್ ಅನಿಲಗಳು ಒಳಗಿಳಿದವನನ್ನು ಕೆಲವೇ ಉಸಿರುಗಳಲ್ಲಿ ಕೆಡವಬಲ್ಲವು. ರಕ್ಷಣಾ ಸಾಧನಗಳಿಲ್ಲದೆ ಆ ಗುಂಡಿಗೆ ಮನುಷ್ಯನನ್ನು ಇಳಿಸುವುದನ್ನು 2013ರ ಕಾಯಿದೆ ಅಪರಾಧವೆಂದು ಸಾರಿದೆ. ಅದರಲ್ಲಿ ಯಾವ ಸೇಫ್ಟಿಯೂ ಇಲ್ಲ. ಈ ಒಂದು ಪದವನ್ನಾದರೂ ಶಾಲೆಯಲ್ಲಿ, ಪಂಚಾಯಿತಿ ಸಭೆಯಲ್ಲಿ ತಿದ್ದಿ ಹೇಳಬೇಕು. ಮಲದ ಗುಂಡಿ ಎಂಬ ನೇರ ಕನ್ನಡವೇ ಇಲ್ಲಿ ಜೀವ ಉಳಿಸುವ ಪದ.

ಯುದ್ಧದ ಟ್ಯಾಂಕಿನ ಹೆಸರಿನಲ್ಲಿರುವುದು ಒಂದು ಗುಟ್ಟು. ಮೊದಲ ಮಹಾಯುದ್ಧದಲ್ಲಿ ಕಂದಕಗಳನ್ನು ದಾಟಬಲ್ಲ ಕವಚದ ಬಂಡಿಯನ್ನು ಬ್ರಿಟಿಷರು ಲಿಂಕನ್ ಪಟ್ಟಣದ ಕಾರ್ಖಾನೆಯಲ್ಲಿ ತಯಾರಿಸುತ್ತಿದ್ದರು. ಅದನ್ನು ರೂಪಿಸಿದ ಸಮಿತಿ ಒಳಗೊಳಗೆ ಅದನ್ನು ‘ನೆಲದ ಹಡಗು’ ಎನ್ನುತ್ತಿತ್ತು. ಆ ಹೆಸರು ಹೊರಬಿದ್ದರೆ ಶತ್ರುವಿಗೆ ಸುಳಿವು ಸಿಗುತ್ತದೆಂದು 1915ರ ಕೊನೆಯಲ್ಲಿ ಟ್ಯಾಂಕ್ ಎಂಬ ಮರೆಹೆಸರನ್ನು ಆರಿಸಿದರು. ಮೆಸೊಪೊಟೇಮಿಯಾಕ್ಕೆ, ಅಂದರೆ ಇಂದಿನ ಇರಾಕಿಗೆ, ನೀರು ಸಾಗಿಸುವ ತೊಟ್ಟಿಗಳಿವು ಎಂಬುದು ಕಾರ್ಖಾನೆಯಲ್ಲಿ ಹಬ್ಬಿಸಿದ ಸುದ್ದಿ. 1916ರ ಸೆಪ್ಟೆಂಬರ್ 15ರಂದು ಫ್ರಾನ್ಸಿನ ಸೊಮ್ ರಣಭೂಮಿಯಲ್ಲಿ ಅವು ಮೊದಲ ಸಲ ಹೊರಬಂದಾಗ ಗುಟ್ಟು ರಟ್ಟಾಯಿತು, ಹೆಸರು ಉಳಿಯಿತು. ಕನ್ನಡ ಪತ್ರಿಕೆಗಳು ಇದಕ್ಕೆ ಬೇರೆ ಪದ ಕಟ್ಟದೆ ‘ಯುದ್ಧ ಟ್ಯಾಂಕ್’ ಎಂದು ಮುಂದೆ ಒಂದು ವಿಶೇಷಣ ಇಟ್ಟವು. ಯುದ್ಧ ಎಂಬ ಆ ಮುಂಪದ ಬೇಕಾದದ್ದೇ ಕನ್ನಡಿಗನಿಗೆ ಟ್ಯಾಂಕ್ ಎಂದರೆ ಮೊದಲು ನೀರು ನೆನಪಾಗುತ್ತದೆ ಎಂಬ ಕಾರಣಕ್ಕೆ.

ಇಂಗ್ಲಿಷಿನ ‘ಥಿಂಕ್ ಟ್ಯಾಂಕ್’ ಕನ್ನಡಕ್ಕೆ ಬರುವಾಗ ಟ್ಯಾಂಕನ್ನು ಪೂರ್ತಿಯಾಗಿ ಕಳಚಿಟ್ಟಿತು. ‘ಚಿಂತಕರ ಚಾವಡಿ’ ಎಂಬುದು ಪತ್ರಿಕೆಗಳು ರೂಢಿಗೆ ತಂದ ಅನುವಾದ. ವಿಧಾನ ಪರಿಷತ್ತನ್ನೂ ಹಾಗೆ ಕರೆಯುವುದುಂಟು. ಚಾವಡಿ ಎಂದರೆ ಊರ ಹಿರಿಯರು, ಪಟೇಲ, ಶ್ಯಾನುಭೋಗರು ಕೂತು ನ್ಯಾಯ-ಲೆಕ್ಕ ನೋಡುತ್ತಿದ್ದ ಜಾಗ. ಆಲೋಚನೆ ಒಂದು ಡಬ್ಬಿಯಲ್ಲಿ ತುಂಬಿಡುವಂಥದಲ್ಲ, ಎದುರುಬದುರು ಕೂತು ಆಡುವಂಥದು ಎಂಬ ತಿಳಿವಳಿಕೆ ಆ ಆಯ್ಕೆಯಲ್ಲಿದೆ. ಮತಗಟ್ಟೆಯ ಹಾಗೆ ಇದೂ ಊರ ಜಗಲಿಯಿಂದಲೇ ಎದ್ದು ಬಂದ ಪದ.

ಇಂಗ್ಲಿಷಿನಲ್ಲಿ ಟ್ಯಾಂಕ್ ಕ್ರಿಯಾಪದವಾದಾಗ ಸೋಲು, ಕುಸಿ ಎಂಬ ಅರ್ಥ ಕೊಡುತ್ತದೆ. ಷೇರು ಕುಸಿದರೆ, ಸಿನಿಮಾ ಓಡದಿದ್ದರೆ, ಆಟಗಾರ ಬೇಕೆಂದೇ ಸೋತರೆ ಆ ಪದ ಬಳಸುತ್ತಾರೆ. ಕನ್ನಡದಲ್ಲಿ ಷೇರು ನೆಲಕಚ್ಚುತ್ತದೆ, ಸಿನಿಮಾ ಮಕಾಡೆ ಮಲಗುತ್ತದೆ, ಪಟ್ಟ ಶ್ರಮ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗುತ್ತದೆ. ‘ಟ್ಯಾಂಕ್ ಆಯಿತು’ ಎಂದು ಯಾರೂ ಹೇಳುವುದಿಲ್ಲ. ತುಂಬಿದ ಟ್ಯಾಂಕಿಗೆ ಮಾತ್ರ ಇಲ್ಲಿ ಬೆಲೆ: ಪೆಟ್ರೋಲ್ ಬಂಕಿನಲ್ಲಿ ‘ಫುಲ್ ಟ್ಯಾಂಕ್’ ಎನ್ನುವಾಗಿನ ಗತ್ತೇ ಬೇರೆ.

ಇತ್ತೀಚಿನ ದಶಕಗಳಲ್ಲಿ ಇಂಗ್ಲಿಷಿನಲ್ಲೇ ಇನ್ನೊಂದು ಪಲ್ಲಟ ನಡೆದಿದೆ. ಕರ್ನಾಟಕದ ಕೆರೆಗಳಿಗೆ ಟ್ಯಾಂಕ್ ಎಂಬ ಹೆಸರು ಹಿಂದೆ ಸರಿದು ‘ಲೇಕ್’ ಎಂಬುದು ಬಂದಿದೆ. ಹಲಸೂರು ಕೆರೆ ಈಗ ಅಲಸೂರ್ ಲೇಕ್, ಕೆರೆ ಎದುರಿನ ಮನೆ ಲೇಕ್ ವ್ಯೂ. ಲೇಕ್ ಎಂದರೆ ಇಂಗ್ಲಿಷಿನಲ್ಲಿ ಸಾಮಾನ್ಯವಾಗಿ ಪ್ರಕೃತಿಯೇ ಮಾಡಿದ ಸರೋವರ. ಅದಕ್ಕೆ ಏರಿ ಬೇಕಿಲ್ಲ, ತೂಬು ಬೇಕಿಲ್ಲ, ಮೇಲಿನ ಕೆರೆಯಿಂದ ನೀರು ತರುವ ಕಾಲುವೆ ಬೇಕಿಲ್ಲ. ಕೆರೆಯನ್ನು ಲೇಕ್ ಎಂದಾಗ ಅದು ದಂಡೆಯಲ್ಲಿ ವಾಯುವಿಹಾರ ಮಾಡುವ ನೋಟವಾಗುತ್ತದೆ. ನೀರು ಬರುವ ರಾಜಕಾಲುವೆ, ನೀರು ಹೋಗುವ ಕೋಡಿ ಎರಡೂ ಕಣ್ಣಿಂದ ಮರೆಯಾಗುತ್ತವೆ. ಪದವೊಂದೇ ಒತ್ತುವರಿಗೆ ಕಾರಣ ಎನ್ನಲಾಗದು. ಆದರೆ ಏರಿ, ತೂಬು, ಕೋಡಿ ಎಂಬ ಪದಗಳನ್ನು ಮರೆತ ನಗರ ಆ ಜಾಗಗಳ ಮೇಲೆಯೇ ಮನೆ ಕಟ್ಟಿತು ಎಂಬುದು ಕಣ್ಣೆದುರಿನ ಸತ್ಯ. ರಾಜ್ಯದಲ್ಲಿ ಕೆರೆ ರಕ್ಷಣೆಗೆ 2014ರಲ್ಲಿ ಬಂದ ಕಾಯಿದೆಯ ಇಂಗ್ಲಿಷ್ ಹೆಸರಲ್ಲಿ ಮೊದಲು ಲೇಕ್ ಎಂದಿತ್ತು, ಕೆಲವೇ ವರ್ಷಗಳಲ್ಲಿ ಅದರಡಿ ರಚಿಸಿದ ಪ್ರಾಧಿಕಾರದ ಹೆಸರು ಟ್ಯಾಂಕ್ ಎಂದು ಬದಲಾಯಿತು. ಕನ್ನಡದ ಹೆಸರಲ್ಲಿ ಆಗಲೂ ಈಗಲೂ ಇರುವುದು ಕೆರೆ. ಆ ಬದಲಾವಣೆ ಸರಿಯಾದ ದಿಕ್ಕಿನದು.

ರಾಜ್ಯದಲ್ಲಿ 36 ಸಾವಿರಕ್ಕೂ ಹೆಚ್ಚು ಕೆರೆಗಳಿವೆ ಎಂಬುದು ಸಾಮಾನ್ಯವಾಗಿ ಕೊಡುವ ಲೆಕ್ಕ. ಅಚ್ಚುಕಟ್ಟು 40 ಹೆಕ್ಟೇರ್ ಮೀರಿದರೆ ಅದು ಸಣ್ಣ ನೀರಾವರಿ ಇಲಾಖೆಗೆ, ಅದಕ್ಕಿಂತ ಕಡಿಮೆಯಾದರೆ ಪಂಚಾಯಿತಿಗಳ ಸುಪರ್ದಿಗೆ ಸೇರುತ್ತದೆ. ಕುಂಟೆ, ಗೋಕಟ್ಟೆ, ದೊಣೆಗಳಿಗೆ ಅಚ್ಚುಕಟ್ಟೇ ಇಲ್ಲದ್ದರಿಂದ ಈ ಲೆಕ್ಕದಲ್ಲಿ ಅವುಗಳ ದನಿ ಕ್ಷೀಣ. ತುಮಕೂರು ನಗರ ಇಂದು ಕುಡಿಯುತ್ತಿರುವುದು ಹೇಮಾವತಿ ನಾಲೆಯಿಂದ ಬುಗುಡನಹಳ್ಳಿ ಕೆರೆಗೆ ತುಂಬಿಸಿದ ನೀರನ್ನು. ಅಂದರೆ ಮನೆಮನೆಯ ಸಿಂಟೆಕ್ಸ್ ಟ್ಯಾಂಕಿನ ಹಿಂದೆ ಒಂದು ಓವರ್‌ಹೆಡ್ ಟ್ಯಾಂಕಿದೆ, ಅದರ ಹಿಂದೆ ಒಂದು ಕೆರೆಯಿದೆ.

ಊರ್ಡಿಗೆರೆಯ ಪಕ್ಕದ ದೇವರಾಯನದುರ್ಗದ ಬೆಟ್ಟಸಾಲಿನಲ್ಲಿ ಜಯಮಂಗಲಿ ಹುಟ್ಟಿ ಉತ್ತರಕ್ಕೆ ಪಿನಾಕಿನಿಯತ್ತ ಹೋಗುತ್ತದೆ. ಶಿಂಷೆ ಅದೇ ಸಾಲಿನಲ್ಲಿ ಹುಟ್ಟಿ ದಕ್ಷಿಣಕ್ಕೆ ಕಾವೇರಿಯತ್ತ ಹೊರಡುತ್ತದೆ. ಈ ಎರಡು ಹೊಳೆಗಳ ತಲೆಯಲ್ಲಿರುವ ಹಳ್ಳಿಗಳಲ್ಲಿ ಪ್ರತಿ ಕೆರೆಗೆ, ಕಟ್ಟೆಗೆ, ಕುಂಟೆಗೆ ಒಂದೊಂದು ಸ್ವಂತ ಹೆಸರಿದೆ, ಪ್ರತಿ ತೂಬಿಗೂ ಕೋಡಿಗೂ ಒಂದು ಗುರುತಿದೆ. ಅವು ಹೆಚ್ಚಾಗಿ ಉಳಿದಿರುವುದು ವಯಸ್ಸಾದವರ ನಾಲಿಗೆಯ ಮೇಲೆ. ಓದುಗರು ತಮ್ಮ ಊರಿಗೆ ಹೋದಾಗ ಅಜ್ಜ-ಅಜ್ಜಿಯರ ಬಳಿ ಕೂತು ಆ ಹೆಸರುಗಳನ್ನು ಕೇಳಿ, ಒಂದು ನೋಟ್‌ಬುಕ್ಕಿನಲ್ಲಿ ಬರೆದು, ಊರ ಶಾಲೆಗೂ ಗ್ರಾಮ ಪಂಚಾಯಿತಿಗೂ ಒಂದೊಂದು ಪ್ರತಿ ಕೊಡಬೇಕು.